ಗೂಡು ಊರಲ್ಲಿ, ಊಟ ಕೆರೆಯಲ್ಲಿ: ಕೊಕ್ಕರೆ ಬೆಳ್ಳೂರಿನ ಪ್ರಕರಣ

2017ರ ಡಿಸೆಂಬರಿನಲ್ಲಿ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಗಳು, ಸಾಯತೊಡಗಿದವು. ಬೆಳೆದ ಹಕ್ಕಿಗಳೇ ನಿತ್ರಾಣವಾಗಿ ಮರದಿಂದ ಕೆಳಗೆ ಬೀಳುತ್ತಿದ್ದವು. ಮುಂದಿನ ಕೆಲವು ತಿಂಗಳಲ್ಲಿ ಹತ್ತಾರು ಹಕ್ಕಿಗಳು ಸತ್ತವು. ಇಂಥ ಹೊತ್ತಲ್ಲಿ ಹಕ್ಕಿಜ್ವರ ಇರಬಹುದಾ ಎಂಬ ಭಯ ಮೊದಲು ಹುಟ್ಟುತ್ತದೆ. ಆದರೆ ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದು ಹೊಟ್ಟೆಯೊಳಗಿನ ದುಂಡುಹುಳುಗಳು. ಕಾಂಟ್ರಸೀಕಮ್ ಎಂಬ ಜಾತಿಯ ಪರಾವಲಂಬಿ ಹುಳುಗಳು ಅವು. ಮೀನಿನ ಮೂಲಕ ಹಕ್ಕಿಯ ಹೊಟ್ಟೆ ಸೇರುತ್ತವೆ.

ಯಾರೂ ಬೇಟೆ ಆಡಿರಲಿಲ್ಲ. ಗೂಡಿಗೆ ಯಾರೂ ಕಲ್ಲು ಹೊಡೆದಿರಲಿಲ್ಲ. ಹಕ್ಕಿಗಳನ್ನು ಇಷ್ಟು ಅಕ್ಕರೆಯಿಂದ ನೋಡಿಕೊಳ್ಳುವ ಊರು ದೇಶದಲ್ಲೇ ಅಪರೂಪ. ಅಂಥ ಊರಲ್ಲೇ ಹೀಗಾಯಿತು. ಕಾವೇರಿ ಕಣಿವೆಯ ಹಕ್ಕಿಗಳ ಬಗ್ಗೆ ಬರೆಯಲು ಹೊರಟಾಗ ನಾನು ಈ ಒಂದು ಊರನ್ನೇ ಆರಿಸಿಕೊಂಡದ್ದು ಅದಕ್ಕೇ. ಊರಿನವರು ತಮ್ಮ ಕೈಲಾದದ್ದನ್ನು ಮಾಡಿದ್ದರು. ಸಾವು ಬಂದದ್ದು ಊರಿನ ಗಡಿಯ ಆಚೆಯಿಂದ, ನೀರಿನ ದಾರಿಯಲ್ಲಿ.

ಊರು ಮತ್ತು ಹೊಳೆ

ಕೊಕ್ಕರೆ ಬೆಳ್ಳೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ಬೆಂಗಳೂರು–ಮೈಸೂರು ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಹೋಗಬೇಕು. ಹತ್ತಿರದಲ್ಲೇ ಶಿಂಷಾ ಹೊಳೆ. ತುಮಕೂರಿನ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟಿ, ಮಾರ್ಕೋನಹಳ್ಳಿ ಜಲಾಶಯ ದಾಟಿ, ಮದ್ದೂರಿನ ಪಕ್ಕದಲ್ಲಿ ಹರಿದು, ಶಿವನಸಮುದ್ರದಿಂದ ಕೆಳಗೆ ಕಾವೇರಿಗೆ ಸೇರುವ ಹೊಳೆ ಇದು. ಈ ಊರು ಮೊದಲು ಹೊಳೆಯ ದಡದಲ್ಲೇ ಇತ್ತಂತೆ. ಹೋದ ಶತಮಾನದ ಶುರುವಿನಲ್ಲಿ ಪ್ಲೇಗ್ ಬಂದು ಜನ ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಊರಿನ ಹಿರಿಯರು ಹೇಳುತ್ತಾ ಬಂದಿದ್ದಾರೆ. ಇದಕ್ಕೆ ದಾಖಲೆ ಹುಡುಕುವ ಆಸೆ ನನಗಿಲ್ಲ. ಜನರಿಗೂ ಹಕ್ಕಿಗೂ ಎಷ್ಟು ಹಳೆಯ ನಂಟು ಅಂತ ಆ ಮಾತಿನಲ್ಲೇ ಗೊತ್ತಾಗುತ್ತದೆ.

ಬ್ರಿಟಿಷ್ ಪಕ್ಷಿತಜ್ಞ ಜೆರ್ಡನ್ 19ನೇ ಶತಮಾನದಲ್ಲೇ, ಕರ್ನಾಟಿಕ್ ಎಂದು ಆಗ ಕರೆಯುತ್ತಿದ್ದ ಪ್ರದೇಶದ ಒಂದು ಹಳ್ಳಿಯ ನಡುವೆ ಹೆಜ್ಜಾರ್ಲೆಗಳು ಗೂಡು ಕಟ್ಟಿದ್ದನ್ನು ಬರೆದಿಟ್ಟಿದ್ದಾರೆ. ಜನರ ಓಡಾಟಕ್ಕೆ ಅವು ಹೆದರುತ್ತಲೇ ಇರಲಿಲ್ಲ ಎಂಬುದು ಅವರಿಗೆ ಬೆರಗು ತಂದಿತ್ತು. ಅಂದರೆ ಊರಲ್ಲಿ ಗೂಡು ಕಟ್ಟುವುದು ದಕ್ಷಿಣ ಭಾರತದ ಹೆಜ್ಜಾರ್ಲೆಗಳ ಹಳೆಯ ರೂಢಿ. ಬೆಳ್ಳೂರನ್ನು ಹೊರಜಗತ್ತಿಗೆ ತೋರಿಸಿದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ. 1976ರಲ್ಲಿ ಅವರು ಇಲ್ಲಿಯ ಹಕ್ಕಿಗಳ ಬಗ್ಗೆ ವರದಿ ಮಾಡಿದ ಮೇಲೆ ಸರ್ಕಾರದ ಗಮನ ಇತ್ತ ಬಿತ್ತು.

ಇಲ್ಲಿ ಮುಖ್ಯವಾಗಿ ಗೂಡು ಕಟ್ಟುವುದು ಎರಡು ಜಾತಿ. ಒಂದು, ಚುಕ್ಕೆ ಕೊಕ್ಕಿನ ಹೆಜ್ಜಾರ್ಲೆ. ಇನ್ನೊಂದು, ಬಣ್ಣದ ಕೊಕ್ಕರೆ. ಮಳೆಗಾಲ ಮುಗಿಯುತ್ತಾ ಬಂದ ಹಾಗೆ ಬಂದು ಸೇರುತ್ತವೆ, ಬೇಸಿಗೆ ಮುಗಿಯುವ ಹೊತ್ತಿಗೆ ಮರಿಗಳ ಜೊತೆ ಹೊರಡುತ್ತವೆ. ತವರಿಗೆ ಬಾಣಂತನಕ್ಕೆ ಬರುವ ಹೆಣ್ಣುಮಕ್ಕಳು ಅಂತಲೇ ಊರಿನವರು ಇವನ್ನು ಕರೆಯುವುದು. ಗೂಡುಗಳು ಕಾಡಲ್ಲಿ ಇಲ್ಲ, ದ್ವೀಪದಲ್ಲಿ ಇಲ್ಲ. ಮನೆಯ ಹಿತ್ತಲಿನ ಹುಣಸೆ ಮರದಲ್ಲಿ, ರಸ್ತೆ ಬದಿಯ ಆಲ, ಅರಳಿ, ಬೇವಿನಲ್ಲಿ. ಕೆಳಗೆ ದನ ಕಟ್ಟಿರುತ್ತಾರೆ, ಮೇಲೆ ಮರಿಗಳು ಕೂಗುತ್ತಿರುತ್ತವೆ.

ಹೆಜ್ಜಾರ್ಲೆ ಸಾಮಾನ್ಯ ಹಕ್ಕಿಯಲ್ಲ. ಬರ್ಮಾದ ಸಿಟ್ಟಾಂಗ್ ನದಿಯ ಬಯಲಿನಲ್ಲಿ 19ನೇ ಶತಮಾನದಲ್ಲಿ ಇದೇ ಜಾತಿಯ ಬೃಹತ್ ಗೂಡುತಾಣ ಇತ್ತು. 20ನೇ ಶತಮಾನದ ಮಧ್ಯ ಮುಟ್ಟುವ ಮೊದಲೇ ಅದು ಹೇಳಹೆಸರಿಲ್ಲದಂತಾಯಿತು. ಈಗ ಈ ಹಕ್ಕಿ ಗೂಡು ಕಟ್ಟುವ ಮುಖ್ಯ ಪ್ರದೇಶಗಳು ದಕ್ಷಿಣ ಭಾರತ, ಶ್ರೀಲಂಕಾ, ಕಾಂಬೋಡಿಯ ಮತ್ತು ಅಸ್ಸಾಂ. ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಇದು ಅಪಾಯದ ಅಂಚಿಗೆ ಹತ್ತಿರ ಇರುವ ಜಾತಿ. 2007ರವರೆಗೆ ಅದಕ್ಕಿಂತ ಕೆಟ್ಟ ಸ್ಥಿತಿಯ ಪಟ್ಟಿಯಲ್ಲಿತ್ತು. ಸ್ವಲ್ಪ ಸುಧಾರಿಸಿತು ಅಂದರೆ ಅದರಲ್ಲಿ ಬೆಳ್ಳೂರಿನಂಥ ಊರುಗಳ ಪಾಲಿದೆ.

ಹುಣಸೆಯ ಲೆಕ್ಕ

ಪ್ರೀತಿ ಇದೆ ಅಂತ ಖರ್ಚು ಇಲ್ಲ ಅನ್ನುವಂತಿಲ್ಲ. ಹುಣಸೆ ಮರ ಮನೆಗೆ ಪ್ರತಿ ವರ್ಷ ಕಾಸು ತರುವ ಮರ. ಬೇಸಿಗೆಯಲ್ಲಿ ಕಾಯಿ ಉದುರಿಸಿ, ಕುಟ್ಟಿ, ಹಣ್ಣು ಮಾರಬೇಕು. ಅದೇ ಹೊತ್ತಿಗೆ ಮರದ ತುದಿಯಲ್ಲಿ ಮರಿಗಳಿರುತ್ತವೆ. ಹತ್ತಿ ಕೊಂಬೆ ಅಲ್ಲಾಡಿಸುವ ಹಾಗಿಲ್ಲ. ಹಿಕ್ಕೆ ಬಿದ್ದ ಕಾಯಿ ಮಾರಾಟಕ್ಕೂ ಬಾರದು. ಹಾಗಾಗಿ ಹಕ್ಕಿ ಕೂತ ಮರದ ಫಸಲು ಹೋಯಿತು ಅಂತಲೇ ಲೆಕ್ಕ. ಜೊತೆಗೆ ವಾಸನೆ, ಕೊಳೆತ ಮೀನು, ಅಂಗಳದ ಗಲೀಜು. ಮನೆಯ ಹೆಂಗಸರು ಅದನ್ನು ದಿನಾ ಗುಡಿಸುತ್ತಾರೆ. ಸಂರಕ್ಷಣೆಯ ವರದಿಗಳಲ್ಲಿ ಈ ಕೆಲಸ ಬರುವುದೇ ಇಲ್ಲ.

ಲಾಭವೂ ಇತ್ತು. ಮರದ ಬುಡಕ್ಕೆ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಹರಡಿ, ಹಿಕ್ಕೆ ಅದಕ್ಕೆ ಬಿದ್ದು ಬೆರೆತ ಮೇಲೆ ಒಳ್ಳೆಯ ಗೊಬ್ಬರವಾಗಿ ಹೊಲಕ್ಕೆ ಹೊಡೆಯುತ್ತಿದ್ದರು. ಮೀನು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಜಾಸ್ತಿ. ಅಂಗಡಿಯ ಗೊಬ್ಬರ ಸುಲಭವಾಗಿ ಸಿಗುವಂತಾದ ಮೇಲೆ ಈ ಲಾಭದ ತೂಕ ಇಳಿಯಿತು.

ಅರಣ್ಯ ಇಲಾಖೆ ಗೂಡಿರುವ ಮರಗಳ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ತಂದಿತು. ನನ್ನ ಮಟ್ಟಿಗೆ ಇದು ಕರ್ನಾಟಕದ ವನ್ಯಜೀವಿ ಆಡಳಿತ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ಖಾಸಗಿ ಮರದ ಮೇಲೆ ಕಾಡುಹಕ್ಕಿ ಕೂತರೆ ಅದರ ನಷ್ಟ ಒಬ್ಬ ರೈತನ ತಲೆ ಮೇಲೆ ಬೀಳಬಾರದು ಎಂಬ ಸರಳ ನ್ಯಾಯ ಅದರಲ್ಲಿದೆ. ಮೊತ್ತ ಸಾಲದು, ಕೈಗೆ ಬರುವುದು ತಡ ಎಂಬ ದೂರು ಮಾತ್ರ ಹಳೆಯದು. ಅಷ್ಟರಲ್ಲಿ ಕೆಲವು ಮರಗಳು ಮುಪ್ಪಾಗಿ ಬಿದ್ದವು, ಕೆಲವನ್ನು ಮಾರಿದರು. ಹುಣಸೆ, ಆಲ ದೊಡ್ಡದಾಗಿ ಗೂಡಿನ ಭಾರ ತಡೆಯುವಂತಾಗಲು ದಶಕಗಳು ಬೇಕು. ಇವತ್ತು ಬಿದ್ದ ಮರದ ಬದಲಿಗೆ ನಾಳೆ ನೆಟ್ಟ ಸಸಿ ನಮ್ಮ ಮಕ್ಕಳ ಕಾಲದ ಹಕ್ಕಿಗೆ.

1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ತಂಡ ಊರಿನ ಯುವಕರ ಜೊತೆ ಕೆಲಸ ಶುರುಮಾಡಿತು. ಅದರಿಂದ ಹುಟ್ಟಿದ್ದು ಹೆಜ್ಜಾರ್ಲೆ ಬಳಗ. ಗಾಳಿಗೆ, ಒಡಹುಟ್ಟಿದ ಮರಿಗಳ ಜಗಳಕ್ಕೆ ಗೂಡಿನಿಂದ ಬೀಳುವ ಮರಿಗಳು ಪ್ರತಿ ವರ್ಷ ಇರುತ್ತವೆ. ಬಿದ್ದ ಮರಿಯನ್ನು ತಾಯಿ ನೆಲಕ್ಕೆ ಇಳಿದು ಸಾಕುವುದಿಲ್ಲ. ನಾಯಿಗೋ ಹಸಿವಿಗೋ ಬಲಿ ಆಗುವುದು ಖಂಡಿತ. ಬಳಗದವರು ಬೇಲಿ ಕಟ್ಟಿದ ಆವರಣದಲ್ಲಿ ಇಂಥ ಮರಿಗಳನ್ನು ಇಟ್ಟು, ಮೀನು ತಂದು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಟ್ಟರು. ಹೆಜ್ಜಾರ್ಲೆ ಮರಿ ಗೂಡು ಬಿಟ್ಟು ಸ್ವತಂತ್ರವಾಗಲು ಮೂರರಿಂದ ಐದು ತಿಂಗಳು ಹಿಡಿಯುತ್ತದೆ. ಅಷ್ಟು ಕಾಲ ಹೊಟ್ಟೆಬಾಕ ಮರಿಗಳಿಗೆ ದಿನಾ ಮೀನು ಹೊಂದಿಸುವುದು ಸುಮ್ನೆ ಮಾತಲ್ಲ.

2007ರಲ್ಲಿ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಲಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ಇದಕ್ಕೆ ದಾರಿ ಮಾಡಿತ್ತು. ಅಭಯಾರಣ್ಯ ಮಾಡಿ ಜನರನ್ನು ಹೊರಗಿಡುವ ಬದಲು, ಜನರ ಜಮೀನು ಜನರ ಕೈಯಲ್ಲೇ ಇದ್ದು ಹಕ್ಕಿಯನ್ನೂ ಕಾಯುವ ವ್ಯವಸ್ಥೆ ಇದು. ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿ ನೇಮಿಸಿದ ಸದಸ್ಯರೇ ಹೆಚ್ಚು. ಸಮಿತಿಯ ನಿರ್ಣಯ ಮತ್ತು ರಾಜ್ಯ ಸರ್ಕಾರದ ಒಪ್ಪಿಗೆ ಇಲ್ಲದೆ ಮೀಸಲಿನೊಳಗೆ ಭೂಮಿಯ ಬಳಕೆ ಬದಲಿಸುವಂತಿಲ್ಲ. ಇಂಥ ಊರಿಗೆ ಹೇಳಿ ಮಾಡಿಸಿದ ಕಾನೂನು. ಆದರೆ ಕಾನೂನಿನ ಗೆರೆ ಮೂರು ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಜಾಗದ ಸುತ್ತ ನಿಂತಿತು. ಗೂಡುಗಳು ಅದರೊಳಗೆ, ಮೀನು ಅದರ ಹೊರಗೆ.

ಮೀನು ಎಲ್ಲಿಂದ ಬರುತ್ತದೆ

ಈ ಪ್ರಕರಣದ ತಿರುಳು ಇರುವುದು ಇಲ್ಲಿ.

ಬೆಳ್ಳೂರಿನ ಹಕ್ಕಿಗಳು ಊರಲ್ಲಿ ಮೀನು ಹಿಡಿಯುವುದಿಲ್ಲ. ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆ, ಶಿಂಷಾ ಹೊಳೆಯ ಮಡುಗಳು, ಹೀಗೆ ಸುತ್ತಲ ನೀರಿಗೆಲ್ಲ ಹೋಗುತ್ತವೆ. ಹೆಜ್ಜಾರ್ಲೆಗೆ ದೂರ ಒಂದು ಲೆಕ್ಕವೇ ಅಲ್ಲ. ಬಿಸಿಲೇರಿ ನೆಲ ಕಾದ ಮೇಲೆ ಮೇಲೆದ್ದ ಬಿಸಿಗಾಳಿಯನ್ನು ಹಿಡಿದು, ರೆಕ್ಕೆ ಬಡಿಯದೆ, ಹತ್ತಾರು ಕಿಲೋಮೀಟರ್ ತೇಲುತ್ತಾ ಹೋಗಬಲ್ಲದು.

ಎರಡು ಹಕ್ಕಿಗಳ ಬೇಟೆಯ ಕ್ರಮ ಬೇರೆ ಬೇರೆ. ಹೆಜ್ಜಾರ್ಲೆ ತೆರೆದ ನೀರಿನಲ್ಲಿ ಈಜುತ್ತಾ ಕೊಕ್ಕಿನ ಚೀಲವನ್ನು ಮುಳುಗಿಸಿ ಮೀನು ಬಾಚುತ್ತದೆ. ಬಣ್ಣದ ಕೊಕ್ಕರೆಗೆ ಬೇಕಾದ್ದು ಮೊಣಕಾಲಿಗಿಂತ ಕಡಿಮೆ ಆಳದ ನೀರು. ಅದು ಕಣ್ಣಿನಿಂದ ನೋಡಿ ಮೀನು ಹಿಡಿಯುವುದು ಕಡಿಮೆ. ಅರ್ಧ ತೆರೆದ ಕೊಕ್ಕನ್ನು ನೀರಲ್ಲಿ ಆಡಿಸುತ್ತಾ, ಕಾಲಿನಿಂದ ಕೆಸರು ಕೆದಕುತ್ತಾ ನಡೆಯುತ್ತದೆ. ಮೀನು ತಾಗಿದ ಕೂಡಲೇ ಕೊಕ್ಕು ಮುಚ್ಚುತ್ತದೆ. ಹಾಗಾಗಿ ಒಂದೇ ಕೆರೆಯಲ್ಲಿ ಎರಡಕ್ಕೂ ಊಟ ಸಿಗಬೇಕಾದರೆ ಕೆರೆಗೆ ಆಳವೂ ಬೇಕು, ನಿಧಾನವಾಗಿ ಇಳಿಜಾರಾಗಿ ಹೋಗುವ ಅಂಚೂ ಬೇಕು.

ಕಾಲದ ಹೊಂದಾಣಿಕೆಯೂ ಇದೆ. ಮಳೆಗೆ ತುಂಬಿದ ಕೆರೆ ಜನವರಿ ಕಳೆದ ಮೇಲೆ ಇಳಿಯುತ್ತಾ ಹೋಗುತ್ತದೆ. ನೀರು ಕಡಿಮೆಯಾದ ಹಾಗೆ ಮೀನು ಒತ್ತಟ್ಟಿಗೆ ಸೇರುತ್ತದೆ. ಮರಿಗಳ ಹಸಿವು ಜೋರಾಗುವುದೂ ಅದೇ ಹೊತ್ತಿಗೆ. ಸಾವಿರಾರು ವರ್ಷಗಳಲ್ಲಿ ಕೂಡಿ ಬಂದ ಲೆಕ್ಕ ಅದು.

ಮಂಡ್ಯದ ನೀರಿನ ಲೆಕ್ಕವೋ ಕಳೆದ ಶತಮಾನದಲ್ಲಿ ಪೂರ್ತಿ ಬದಲಾಯಿತು. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರ ಅಣೆಕಟ್ಟು 1930ರ ದಶಕದ ಆರಂಭಕ್ಕೆ ಮುಗಿಯಿತು. ವಿಶ್ವೇಶ್ವರಯ್ಯ ನಾಲೆಯ ನೀರು ಬಂದು ರಾಗಿಯ ಹೊಲಗಳು ಭತ್ತದ ಗದ್ದೆ, ಕಬ್ಬಿನ ತೋಟ ಆದವು. ಇದರಿಂದ ಹಕ್ಕಿಗಳಿಗೆ ಕೆಟ್ಟದ್ದೇ ಆಯಿತು ಎನ್ನಲಾರೆ. ನಾಲೆಯ ಬಸಿನೀರು ಎಷ್ಟೋ ಕೆರೆಗಳನ್ನು ಬೇಸಿಗೆಯಲ್ಲೂ ಜೀವಂತ ಇಟ್ಟಿದೆ. ಮನುಷ್ಯ ಕಟ್ಟಿದ ನೀರು ಹಕ್ಕಿಗೆ ಒಳ್ಳೆಯದೇ ಮಾಡಿದ ಉದಾಹರಣೆ ಪಕ್ಕದಲ್ಲೇ ಇದೆ. ರಂಗನತಿಟ್ಟಿನ ನಡುಗಡ್ಡೆಗಳು ಆದದ್ದೇ 1640ರ ದಶಕದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಆಯಿತು. ಆದರೆ ನಾಲೆ ನಂಬಿದ ಕೆರೆಗೆ ಒಂದು ದೌರ್ಬಲ್ಯ ಇದೆ. ಮಳೆ ಕೈಕೊಟ್ಟ ವರ್ಷ ನಾಲೆ ನಿಂತರೆ ಇಡೀ ತಾಲ್ಲೂಕಿನ ಕೆರೆಗಳು ಒಟ್ಟೊಟ್ಟಿಗೆ ಒಣಗುತ್ತವೆ. ಹಕ್ಕಿಗೆ ಪಕ್ಕದ ಕೆರೆ ಎಂಬ ಆಸರೆ ಇರುವುದಿಲ್ಲ. ಉಳಿದ ಒಂದೆರಡು ಕೆರೆಗೆ ಎಲ್ಲ ಮುತ್ತುತ್ತವೆ.

ಆ ಉಳಿದ ನೀರು ಎಂಥದ್ದು? ಪಟ್ಟಣದ ಚರಂಡಿ ನೀರು ಸೇರಿದ್ದು, ಗದ್ದೆಯ ಗೊಬ್ಬರ ಮತ್ತು ಔಷಧಿ ತೊಳೆದು ಬಂದದ್ದು, ಕಳೆ ಮುಚ್ಚಿದ್ದು. ಶಿಂಷಾ ಹೊಳೆಯಲ್ಲಂತೂ ಮರಳು ಬಗೆದು ಬಗೆದು ಮಡು, ದಡ, ತೆಳುನೀರು ಎಲ್ಲದರ ರೂಪ ಕೆಟ್ಟಿದೆ. ಕೆರೆಗಳಲ್ಲಿ ಹಿಂದಿನ ನಾಡಮೀನುಗಳ ಜಾಗಕ್ಕೆ ಜಿಲೇಬಿ ಮೀನು ಬಂದು ಕೂತಿದೆ. ಮೀನು ಸಾಕಣೆಗೆ ಕೆರೆ ಗುತ್ತಿಗೆ ಹಿಡಿದವರು ಕಾಟ್ಲ, ರೋಹು ಬಿಡುತ್ತಾರೆ. ದುಡ್ಡು ಹಾಕಿದವರ ಕಣ್ಣಿಗೆ ಹೆಜ್ಜಾರ್ಲೆ ಕಳ್ಳನಂತೆ ಕಾಣುವುದರಲ್ಲಿ ಆಶ್ಚರ್ಯ ಇಲ್ಲ. ಊರಲ್ಲಿ ಮಗಳು, ಕೆರೆಯಲ್ಲಿ ಕಳ್ಳಿ. ಒಂದೇ ಹಕ್ಕಿ!

ಹುಳುವಿನ ಸುತ್ತು

ಹುಳುವಿನ ಬದುಕನ್ನು ತಿಳಿದುಕೊಂಡರೆ 2017ರ ಸಾವು ಅರ್ಥವಾಗುತ್ತದೆ. ಬೆಳೆದ ಹುಳು ಇರುವುದು ಹಕ್ಕಿಯ ಜಠರದಲ್ಲಿ. ಅದರ ಮೊಟ್ಟೆ ಹಿಕ್ಕೆಯ ಜೊತೆ ನೀರಿಗೆ ಬೀಳುತ್ತದೆ. ಮೊಟ್ಟೆಯಿಂದ ಬಂದ ಮರಿಹುಳುವನ್ನು ನೀರಿನಲ್ಲಿ ತೇಲುವ, ಸಿಗಡಿಯ ಕುಲದ ಅತಿ ಸಣ್ಣ ಜೀವಿಗಳು ನುಂಗುತ್ತವೆ. ಅವನ್ನು ಸಣ್ಣ ಮೀನು ತಿನ್ನುತ್ತದೆ, ಸಣ್ಣ ಮೀನನ್ನು ದೊಡ್ಡ ಮೀನು. ಮೀನಿನ ಒಳಗೆ ಮರಿಹುಳು ಸುಮ್ಮನೆ ಕಾಯುತ್ತಾ ಇರುತ್ತದೆ. ಆ ಮೀನನ್ನು ಹಕ್ಕಿ ನುಂಗಿದಾಗ ಜಠರದಲ್ಲಿ ಬೆಳೆದು ದೊಡ್ಡದಾಗುತ್ತದೆ. ಸುತ್ತು ಮತ್ತೆ ಶುರು.

ಮೀನು ತಿನ್ನುವ ಹಕ್ಕಿಯ ಹೊಟ್ಟೆಯಲ್ಲಿ ಕೆಲವು ಹುಳು ಇರುವುದು ಹೊಸತಲ್ಲ. ಅಷ್ಟರಿಂದ ಅದು ಸಾಯುವುದಿಲ್ಲ. ಹುಳುವಿನ ಭಾರ ಮಿತಿ ಮೀರಿದಾಗ, ಹಕ್ಕಿ ಮೊದಲೇ ಬಡಕಲಾಗಿದ್ದಾಗ ಅದು ಕೊಲ್ಲುತ್ತದೆ. ಮಿತಿ ಮೀರಲು ಏನು ಬೇಕೋ ಅದೆಲ್ಲ ಕುಗ್ಗಿದ ಕೆರೆಯಲ್ಲಿ ಇರುತ್ತದೆ. ಕಡಿಮೆ ನೀರು, ಅದರಲ್ಲಿ ತುಂಬಿದ ಮೀನು, ಅದೇ ನೀರಿಗೆ ಹಿಕ್ಕೆ ಹಾಕುವ ನೂರಾರು ಹಕ್ಕಿಗಳು, ಚರಂಡಿಯ ಪೋಷಕಾಂಶದಿಂದ ಹೆಚ್ಚುವ ತೇಲುಜೀವಿಗಳು. ಹಕ್ಕಿಯನ್ನು ಕೊಂದದ್ದು ಹುಳು ಎಂದು ಬರೆದು ಕಡತ ಮುಚ್ಚಿದರೆ ಅರ್ಧ ಸತ್ಯ ಮಾತ್ರ ಹೇಳಿದಂತೆ. ಆ ಹುಳುವಿಗೆ ಇಷ್ಟು ಅನುಕೂಲ ಮಾಡಿಕೊಟ್ಟ ನೀರಿನ ಬಗ್ಗೆ ಕೇಳಬೇಡವೇ?

ಇದು ಬೆಳ್ಳೂರಿನ ಒಂಟಿ ಕಥೆಯೂ ಅಲ್ಲ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ತೇಲಿನೀಲಾಪುರಂ ಕೂಡ ಹೆಜ್ಜಾರ್ಲೆಗಳು ಊರಲ್ಲೇ ಗೂಡು ಕಟ್ಟುವ ಹಳ್ಳಿ. 2021–22ರ ಹೊತ್ತಿಗೆ ಅಲ್ಲಿ ನೂರಕ್ಕೂ ಹೆಚ್ಚು ಹೆಜ್ಜಾರ್ಲೆಗಳು ಸತ್ತವು. ಅಲ್ಲೂ ದುಂಡುಹುಳುವೇ ಸಿಕ್ಕಿತು. ಅಲ್ಲೂ ಕಾಯುವ ಜನ ಇದ್ದರು, ಅಲ್ಲೂ ಬೆರಳು ತೋರಿಸಿದ್ದು ಸುತ್ತಲಿನ ಕೆರೆ-ಕೊಳಗಳ ಕಡೆಗೇ.

ಯಾರ ಹೊಣೆ

ಗೂಡಿನ ಮರ ಅರಣ್ಯ ಇಲಾಖೆಯ ಲೆಕ್ಕಕ್ಕೆ ಬರುತ್ತದೆ. ಕೆರೆ ಸಣ್ಣ ನೀರಾವರಿಯದೋ ಪಂಚಾಯಿತಿಯದೋ. ಮೀನು ಮೀನುಗಾರಿಕೆಯದು. ಚರಂಡಿ ಪುರಸಭೆಯದು. ನಾಲೆ ನೀರಾವರಿ ನಿಗಮದ್ದು. ಹಕ್ಕಿ ಒಂದೇ ದಿನದಲ್ಲಿ ಇವರೆಲ್ಲರ ಗಡಿ ದಾಟಿ ಬಂದು ಮರಿಗೆ ತುತ್ತು ಕೊಡುತ್ತದೆ. ಆ ಹಕ್ಕಿಯ ಇಡೀ ದಿನವನ್ನು ಒಟ್ಟಾಗಿ ನೋಡುವ ಜವಾಬ್ದಾರಿ ಇವರಲ್ಲಿ ಒಬ್ಬರಿಗೂ ಇಲ್ಲ.

ಕಾನೂನೂ ಇಲ್ಲಿ ಕೈಬಿಟ್ಟಿದೆ. ಕೇಂದ್ರದ ಜೌಗುಪ್ರದೇಶ ಸಂರಕ್ಷಣಾ ನಿಯಮಗಳು ಬಂದದ್ದು 2017ರ ಸೆಪ್ಟೆಂಬರಿನಲ್ಲಿ, ಬೆಳ್ಳೂರಿನ ಸಾವಿಗೆ ಮೂರು ತಿಂಗಳ ಮೊದಲು. ನೀರಾವರಿಗೆಂದೇ ಮನುಷ್ಯ ಕಟ್ಟಿದ ಜಲಮೂಲಗಳನ್ನು ಆ ನಿಯಮಗಳು ಹೊರಗಿಟ್ಟಿವೆ. ಉತ್ತರದ ಸರೋವರಗಳನ್ನು ಮನಸ್ಸಿನಲ್ಲಿಟ್ಟು ಬರೆದರೆ ಹೀಗೆ ಆಗುತ್ತದೆ. ದಕ್ಷಿಣದ ಬಯಲುಸೀಮೆಯಲ್ಲಿ ನೀರುಹಕ್ಕಿ ಬದುಕುವುದೇ ನಮ್ಮ ಹಿರಿಯರು ನೀರಾವರಿಗೆ ಕಟ್ಟಿದ ಕೆರೆಗಳಲ್ಲಿ. ಅವನ್ನು ಬಿಟ್ಟರೆ ಉಳಿಯುವುದೇನು? ನಂಜನಗೂಡಿನ ಕಡೆಯ ಹದಿನಾರು ಎಂಬ ಊರಿನ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಅದೂ ಕಟ್ಟಿದ ಕೆರೆಯೇ.

ಅದೇ ಋತುವಿನಲ್ಲಿ, 2018ರ ಫೆಬ್ರವರಿ 16ರಂದು, ಸುಪ್ರೀಂ ಕೋರ್ಟ್ ಕಾವೇರಿ ತೀರ್ಪು ಕೊಟ್ಟಿತು. ಕರ್ನಾಟಕಕ್ಕೆ 284.75 ಟಿಎಂಸಿ, ತಮಿಳುನಾಡಿಗೆ 404.25 ಟಿಎಂಸಿ ಎಂಬ ಅಂಕಿಗಳು ಎಲ್ಲರ ಬಾಯಲ್ಲಿವೆ. ಪರಿಸರಕ್ಕೆಂದು 10 ಟಿಎಂಸಿ ಎತ್ತಿಟ್ಟದ್ದು ಎಷ್ಟು ಜನಕ್ಕೆ ನೆನಪಿದೆ? ಒಟ್ಟು 740ರಲ್ಲಿ 10. ಅಷ್ಟಾದರೂ ಕಾಗದದ ಮೇಲೆ ಇದೆ. ಹೊಳೆಯ ಹಕ್ಕಿಗೆ ನೀರಿನ ಪ್ರಮಾಣದಷ್ಟೇ ನೀರು ಬಿಡುವ ಹೊತ್ತೂ ಮುಖ್ಯ. ನದಿ ರೀವ ಎಂಬ ಹಕ್ಕಿ ಬೇಸಿಗೆಯಲ್ಲಿ ನೀರಿಳಿದಾಗ ತೆರೆದುಕೊಳ್ಳುವ ಬಂಡೆ, ಮರಳದಿಬ್ಬದ ಮೇಲೆ ಬರೀ ನೆಲಕ್ಕೇ ಮೊಟ್ಟೆ ಇಡುತ್ತದೆ. ಮೇಲಿನಿಂದ ಒಮ್ಮೆಗೇ ನೀರು ಬಿಟ್ಟರೆ ಮೊಟ್ಟೆ ಕೊಚ್ಚಿ ಹೋಗುತ್ತದೆ. ಅದನ್ನು ಈಗ ಅಪಾಯಕ್ಕೆ ಸಿಲುಕಿದ ಜಾತಿಗಳ ಪಟ್ಟಿಗೆ ಸೇರಿಸಿದ್ದಾರೆ.

ಏನು ಮಾಡಬಹುದು

ಮೊದಲು ಸುಲಭದ್ದು. ಮರದ ಪರಿಹಾರವನ್ನು ಹುಣಸೆ ಕಟಾವಿನ ಹೊತ್ತಿಗೇ, ಆ ವರ್ಷದ ಹುಣಸೆ ದರಕ್ಕೆ ತಾಳೆ ಹಾಕಿ ಕೊಡಬೇಕು. ನೆರೆಯವನು ಹಣ್ಣು ಮಾರಿ ಕಾಸು ಎಣಿಸುವಾಗ ಹಕ್ಕಿ ಕಾದವನ ಕೈ ಖಾಲಿ ಇರಬಾರದು, ಅಲ್ವಾ? ಕೆರೆ ಏರಿ, ಗೋಮಾಳದಲ್ಲಿ ಆಲ, ಅರಳಿ, ಬಸರಿ, ಗೋಣಿ ಸಸಿಗಳನ್ನು ನೆಟ್ಟು ಹತ್ತು ವರ್ಷವಾದರೂ ಕಾಯುವ ಗುತ್ತಿಗೆಯನ್ನು ಊರಿನವರಿಗೇ ಕೊಡಬಹುದು.

ಕೆರೆ ಹೂಳೆತ್ತುವ ಕಾಮಗಾರಿ ಸಿಕ್ಕಾಪಟ್ಟೆ ನಡೆಯುತ್ತಿದೆ. ಜೆಸಿಬಿ ಇಳಿಸಿ ಸುತ್ತಲೂ ಗೋಡೆಯಂತೆ ನೇರ ಕಡಿದು ತಟ್ಟೆ ಮಾಡುತ್ತಾರೆ. ನೀರು ಜಾಸ್ತಿ ನಿಲ್ಲುತ್ತದೆ ನಿಜ. ಕೊಕ್ಕರೆ ಕಾಲಿಡಲು ತೆಳುನೀರು ಮಾತ್ರ ಉಳಿಯುವುದಿಲ್ಲ. ಒಂದು ಕಡೆಯ ಅಂಚನ್ನಾದರೂ ಇಳಿಜಾರಾಗಿ ಬಿಡಿ ಎಂದು ಟೆಂಡರಿನಲ್ಲೇ ಬರೆದರೆ ಖರ್ಚು ಹೆಚ್ಚುವುದಿಲ್ಲ, ಕಡಿಮೆಯೇ ಆಗುತ್ತದೆ. ದನ ಇಳಿದು ನೀರು ಕುಡಿಯಲಿಕ್ಕೂ ಅದೇ ಅನುಕೂಲ.

ಗುತ್ತಿಗೆದಾರರ ಜೊತೆಗಿನ ಜಗಳವನ್ನು ಬೈದು ಬಗೆಹರಿಸಲು ಆಗದು. ಬೆಳ್ಳೂರಿನ ಹಕ್ಕಿಗಳು ಹೋಗುವ ಕೆರೆಗಳ ಗುತ್ತಿಗೆ ದರದಲ್ಲಿ ರಿಯಾಯಿತಿ ಕೊಟ್ಟು, ಬದಲಿಗೆ ಬಲೆ, ಪಟಾಕಿ ಹಾಕಿ ಹಕ್ಕಿ ಓಡಿಸಬಾರದು ಎಂಬ ಷರತ್ತು ಇಡಬಹುದು. ಮರಕ್ಕೆ ಪರಿಹಾರ ಕೊಡುವ ನ್ಯಾಯ ಮೀನಿಗೂ ಸಲ್ಲಬೇಕು.

ಕಷ್ಟದ್ದು ಚರಂಡಿ. ಪಟ್ಟಣದ ಕೊಳಚೆ ಶುದ್ಧವಾಗದೆ ಹೊಳೆಗೂ ಕೆರೆಗೂ ಇಳಿಯುವವರೆಗೆ ಉಳಿದ ಕೆಲಸವೆಲ್ಲ ಅರ್ಧಂಬರ್ಧ. ಇದನ್ನು ಹಕ್ಕಿಯ ಹೆಸರಲ್ಲಿ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಅದೇ ಕೆರೆಯ ಮೀನನ್ನು ನಾವೂ ತಿನ್ನುತ್ತೇವೆ, ಅದೇ ನೀರು ನಮ್ಮ ಗದ್ದೆಗೂ ಬರುತ್ತದೆ ಎಂಬುದನ್ನು ಜೊತೆಗೇ ಹೇಳಬೇಕು.

ಮತ್ತೆ, ಕಾಯುವುದನ್ನು ಸಾವಿನ ನಂತರ ಶುರು ಮಾಡಿದರೆ ಪ್ರಯೋಜನ ಇಲ್ಲ. ಹಕ್ಕಿಗಳು ಬರುವ ಮೊದಲೇ, ಅಕ್ಟೋಬರ್ ಸುಮಾರಿಗೆ, ಅವು ಮೇಯುವ ಕೆರೆಗಳ ಮೀನನ್ನು ಸೀಳಿ ಮರಿಹುಳು ಎಷ್ಟಿದೆ ಎಂದು ಪಶುವೈದ್ಯರು ನೋಡಬಹುದು. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಸತ್ತ ಹಕ್ಕಿಯನ್ನು ಅದೇ ದಿನ ಪರೀಕ್ಷೆಗೆ ಕಳಿಸುವುದು, ಉಳಿದ ಕಳೇಬರವನ್ನು ನೀರಿನಿಂದ ದೂರ ಹೂಳುವುದು ರೂಢಿಯಾಗಬೇಕು. ಬರೀ ಗೂಡು ಎಣಿಸಿದರೆ ಸಾಲದು. ಪ್ರತಿ ಗೂಡಿನಿಂದ ಎಷ್ಟು ಮರಿ ಹಾರಿಹೋದವು ಎಂಬ ಲೆಕ್ಕ ಬೇಕು, ಅದೂ ಬೆಳ್ಳೂರು, ರಂಗನತಿಟ್ಟು, ಮೈಸೂರಿನ ಕಾರಂಜಿ ಕೆರೆ ಮೂರೂ ಕಡೆ ಒಟ್ಟಿಗೆ. ಒಂದು ಕಡೆ ಗೂಡು ಕಡಿಮೆಯಾದಾಗ ಹಕ್ಕಿ ಸತ್ತಿತೋ, ಪಕ್ಕದ ತಾಣಕ್ಕೆ ಹೋಯಿತೋ ಎಂಬುದು ಆಗ ಮಾತ್ರ ತಿಳಿಯುತ್ತದೆ. ಬಳಗದ ಹುಡುಗರು ವರ್ಷಗಳಿಂದ ಮರ ಮರ ಸುತ್ತಿ ಪಳಗಿದವರು. ಈ ಎಣಿಕೆಯ ಕೆಲಸಕ್ಕೆ ಅವರನ್ನೇ ಸಂಬಳ ಕೊಟ್ಟು ನೇಮಿಸಿ, ಅವರ ಲೆಕ್ಕವನ್ನು ಮೀನುಗಾರಿಕೆ, ಸಣ್ಣ ನೀರಾವರಿ, ಪುರಸಭೆಯ ಅಧಿಕಾರಿಗಳು ಕೂರುವ ಒಂದೇ ಸಭೆಯ ಮುಂದೆ ಪ್ರತಿ ತಿಂಗಳು ಇಡುವಂತಾಗಬೇಕು. ಆ ಸಭೆಯನ್ನು ಕರೆಯುವ ಅಧಿಕಾರ ಜಿಲ್ಲಾಧಿಕಾರಿಗೆ ಇಂದೇ ಇದೆ, ಹೊಸ ಕಾನೂನಿಗೆ ಕಾಯಬೇಕಿಲ್ಲ.